ಎಲ್ಲ ಬಾಗಿಲು ತಟ್ಟುವ ಮಹದೇವಮ್ಮ

ಗುಲಾಬಿ ಸೀರೆಯ ಮಹದೇವಮ್ಮ ನಂಜನಗೂಡಿನ ನಮ್ಮ ಬೀದಿಗೆ ಬಂದರೆ ಒಂದು ಬಾಗಿಲನ್ನೂ ಬಿಡುತ್ತಿರಲಿಲ್ಲ. ಕವಲಂದೆ ಕಡೆಯವರು, ನಮ್ಮ ಭಾಗದ ಆಶಾ ಕಾರ್ಯಕರ್ತೆ. ಕೆಮ್ಮೇ ಇಲ್ಲದ ಮನೆಯಲ್ಲೂ ಕೆಮ್ಮು ವಿಚಾರಿಸಿ, ಜಗಲಿಯಲ್ಲಿ ಕೂತು ನೀರು ಕುಡಿದೇ ಏಳುವರು. ಮೂಲೆಮನೆಯ ನಾಯಿಗೂ "ಉಂಡ್ಯೇನ್ಲಾ?" ಅನ್ನದೆ ಮುಂದೆ ಹೋಗರು.

ಯಾರೋ ಒಬ್ಬರಿಗೆ ದಿನವೂ ಮಾತ್ರೆ ನುಂಗಿಸಲು ಬರುತ್ತಾರೆಂದು ಬೀದಿಗೆಲ್ಲ ಅನುಮಾನ. ಯಾರಿಗೆ? ದೇವರ ಮುಂದೆ ಕೂತರೂ ನನಗೆ ಅದೇ ಯೋಚನೆ. ಕಾಫಿ ಕೊಟ್ಟು ಕೇಳಿದರೆ, "ನಿಮ್ಮನೆ ಕಾಪಿಗೇ ಬಂದಿದ್ದು ಕಣಕ್ಕಾ" ಎಂದು ನಗುವರು.

ಒಂದು ದಿನ ಅವರೇ ಕೇಳಿದರು, "ದಿನಾ ಒಂದ್ ಲೋಟ ಹಾಲು ಕಾಯ್ಸಿಕೊಡ್ತೀರಾ? ಒಬ್ರಿಗೆ ಬೇಕು."

"ಯಾರಿಗೆ ಅಂತ ಹೇಳಿ, ಕೊಡ್ತೀನಿ."

"ಡಾಕ್ಟ್ರಿಗೆ ಕಾಯ್ಲೆ ಗೊತ್ತಿರ್ಬೇಕು, ನಂಗೆ ಮನೆ ಗೊತ್ತಿರ್ಬೇಕು. ನಿಮ್ಗೆ ಹಾಲು ಕಾಯ್ಸಾಕ್ ಗೊತ್ತಿದ್ರೆ ಸಾಕು."

ನಂಜುಂಡನಿಗೆ ನೈವೇದ್ಯ ಮಾಡಿದ ಹಾಲನ್ನೇ ಸ್ಟೀಲ್ ಡಬ್ಬಿಗೆ ಹಾಕಿ ಕೊಡತೊಡಗಿದೆ. ಡಬ್ಬಿ ಅವರ ಚೀಲದೊಳಗೆ ಮಾಯ. ಕಿಟಕಿಯಿಂದ ನೋಡಿದರೂ ಪ್ರಯೋಜನವಿಲ್ಲ, ಅವರು ಹೋಗುವುದು ಎಲ್ಲ ಮನೆಗೂ! ಮಾರನೆಯ ದಿನ ತೊಳೆದ ಡಬ್ಬಿ ವಾಪಸ್.

ಒಂದು ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಎರಡು ಕುಡಿ ಮರುಗ, ಘಮಘಮ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ಆ ಜೀವ ಅಷ್ಟು ಮರ್ಯಾದೆ ಉಳಿಸಿಕೊಂಡಿತ್ತು. ಮಹದೇವಮ್ಮ ಮಾತ್ರ ಮುಚ್ಚಳ ತೆಗೆದು ನೋಡಿರಲಿಲ್ಲ. ನಮ್ಮ ಬೀದಿಯಲ್ಲಿ ಮರುಗ ಬೆಳೆದಿದ್ದದ್ದು ಒಂದೇ ಬಾಗಿಲ ಮುಂದೆ, ಅದೂ ಸಾಲು ಬಾಡಿಗೆಮನೆಗಳಲ್ಲೊಂದು.

ಅದೇ ಸಂಜೆ ಆ ಮನೆಗಳ ಮಾಲೀಕರು ನಮ್ಮ ಗೇಟಿನ ಹತ್ತಿರ ನಿಂತರು. "ಅಮ್ಮಾ, ಆ ಆಶಾ ಎಂಗ್ಸು ಬರಾದು ಯಾರ್ ಮನೆಗೆ? ಟಿ.ಬಿ. ಅಂತೆ. ನನ್ ಬಾಡಿಗೆಯೋರಾದ್ರೆ ಇವತ್ತೇ ಖಾಲಿ ಮಾಡಿಸ್ಬುಡ್ತೀನಿ."

ಮರುಗ ಇನ್ನೂ ನನ್ನ ಮುಡಿಯಲ್ಲಿತ್ತು. ನಾನೆಂದೆ, "ದಿನಾ ನಮ್ಮನೆಗೇ ಬರ್ತಾರೆ. ಇದು ಸ್ವಂತ ಮನೆ, ಹೆಂಗೆ ಖಾಲಿ ಮಾಡಿಸ್ತೀರಿ?"

ಸುಳ್ಳಲ್ಲವಲ್ಲ. ಮಹದೇವಮ್ಮ ಎಲ್ಲ ಬಾಗಿಲು ತಟ್ಟುತ್ತಿದ್ದದ್ದು ಏಕೆಂದು ಆಗ ಹೊಳೆಯಿತು.

ತಿಂಗಳುಗಳು ಕಳೆದ ಮೇಲೆ, "ನಾಳೆಯಿಂದ ಹಾಲು ಬ್ಯಾಡ ಅಕ್ಕಾ, ವಾಸಿ ಆಯ್ತು" ಎಂದರು. ಅವತ್ತು ನಮ್ಮ ಮನೆಯಲ್ಲಿ ಪಾಯಸ. ಯಾರಿಗೆ ವಾಸಿಯಾಯಿತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅವರು ಕೆಲಸ ಬಿಟ್ಟು ತಿ. ನರಸೀಪುರದ ಮಗಳ ಮನೆ ಸೇರಿದರು. ಸಂಗಮದ ಸ್ನಾನಕ್ಕೆ ಹೋದವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದೇ ಕೊನೆ. ಗುಲಾಬಿ ಸೀರೆಯಿಲ್ಲದೆ ಸೊರಗಿದಂತಿದ್ದರು. ಕೈ ಹಿಡಿದು ಮೆಲ್ಲಗೆ ಹೇಳಿಯೇಬಿಟ್ಟೆ, "ಮಹದೇವಮ್ಮಾ, ಡಬ್ಬಿಯೊಳಗೆ ಮರುಗ ಬಂದಿತ್ತು. ಆಗಲೇ ಗೊತ್ತಾಯ್ತು ನನಗೆ."

ಅವರು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಯಾವ ಮರುಗ ಕಣಕ್ಕಾ?" ಎಂದರು. "ನೋಡಿ, ನಿಮ್ ಬಸ್ ಬಂತು."