ನಗು ಕೇಳಿಸದ ತಮಾಷೆ

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ, ಹೊಸ ಚಪ್ಪಲಿ ತರಿಸಲು ಪಾದದ ಅಳತೆ ಬೇಕೆಂದು, ಟೇಪು ಹಿಡಿದು ಒಂದು ಕೋಣೆಗೆ ಹೋದೆ. ಕುರ್ಚಿಯಲ್ಲಿ ಕೂತಿದ್ದ ಎಂಬತ್ತೆಂಟರ ಮುದುಕರು ಟೇಪನ್ನೂ ನನ್ನನ್ನೂ ನೋಡಿ, "ಶವಪೆಟ್ಟಿಗೆಗೋ? ಸ್ವಲ್ಪ ಸಡಿಲವಾಗಿಯೇ ಇರಲಿ," ಎಂದರು. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ನಾನು ಹೆದರಿ ಹೊರಗೆ ಬಂದು, ಇವರು ಸಾವಿನ ಮಾತಾಡುತ್ತಿದ್ದಾರೆ, ಗಮನಿಸಬೇಕು ಎಂದು ದಾಖಲೆಯಲ್ಲಿ ಬರೆದೆ. ಅದನ್ನು ಓದಿದ ಹಿರಿಯ ನರ್ಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇದು ಉತ್ತರ ಇಂಗ್ಲೆಂಡಿನ ಸಣ್ಣ ಪಟ್ಟಣದಲ್ಲಿರುವ ವೃದ್ಧರ ಆರೈಕೆ ಮನೆ. ನಾನು ಮಳವಳ್ಳಿ ಹತ್ತಿರದ ಬ್ಲಫ್‌ನವಳು. ಅಪ್ಪ ಅಲ್ಲಿನ ಪವರ್ ಸ್ಟೇಷನ್ನಿನಲ್ಲಿದ್ದರು. ಮಳವಳ್ಳಿಯಲ್ಲಿ ಶಾಲೆ, ಮಂಡ್ಯದಲ್ಲಿ ನರ್ಸಿಂಗ್, ಮದ್ದೂರಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ಕೆಲಸ. ಇಂಗ್ಲಿಷ್ ಮಾತು ಕಲಿಯಲೆಂದು ಮದ್ದೂರಿನಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಅಮೆರಿಕದ ಹಾಸ್ಯ ಧಾರಾವಾಹಿಗಳನ್ನು ನೋಡುತ್ತಿದ್ದೆ. ಅವುಗಳಲ್ಲಿ ಎಲ್ಲಿ ನಗಬೇಕೆಂದು ಗೊತ್ತಾಗದಿದ್ದರೂ ಚಿಂತೆಯಿಲ್ಲ, ಹಿಂದಿನಿಂದ ಜನ ನಕ್ಕು ತೋರಿಸುತ್ತಾರೆ. ಇಪ್ಪತ್ತು ನಿಮಿಷದೊಳಗೆ ಜಗಳವಾಗಿ, ಮುಗಿದು, ಎಲ್ಲರೂ ಅಪ್ಪಿಕೊಳ್ಳುತ್ತಾರೆ. ಇಂಗ್ಲಿಷ್ ಮಾತಾಡುವವರೆಲ್ಲ ಹೀಗೇ ಇರುತ್ತಾರೆಂದು ನಂಬಿ ವಿಮಾನ ಹತ್ತಿದ್ದೆ.

ಟೇಪಿನ ಮುದುಕರ ಹೆಸರು ಆರ್ಥರ್. ಬಸ್ ಓಡಿಸಿ ನಿವೃತ್ತರಾದವರು. ಎದುರು ಕೋಣೆಯ ಲೊರೇನ್ ಅಮೆರಿಕದವರು. ಇಂಗ್ಲೆಂಡಿನವನನ್ನು ಮದುವೆಯಾಗಿ ಬಂದು ಅರವತ್ತು ವರ್ಷವಾಗಿದ್ದರೂ ಇಲ್ಲಿನವರು ಅವರನ್ನು ಇನ್ನೂ ಅಮೆರಿಕದವಳೆಂದೇ ಕರೆಯುತ್ತಾರೆ. ಎಲ್ಲರೂ ಕೂರುವ ದೊಡ್ಡ ಕೋಣೆಯಲ್ಲಿ ಒಂದೇ ಟಿವಿ. ಎರಡರಿಂದ ನಾಲ್ಕರವರೆಗೆ ಲೊರೇನ್ ಅವರ ಧಾರಾವಾಹಿ, ನಾಲ್ಕು ಗಂಟೆಗೆ ಬ್ರೂ ಬಂದ ಮೇಲೆ ಆರ್ಥರ್ ಅವರದು. ಬ್ರೂ ಎಂದರೆ ಈ ಕಡೆಯ ಮಾತಿನಲ್ಲಿ ಟೀ.

ಆರ್ಥರ್ ನೋಡುವ ಇಂಗ್ಲೆಂಡಿನ ಧಾರಾವಾಹಿಗಳಲ್ಲೂ ಹಳೆಯ ಕೆಲವಕ್ಕೆ ಹಿಂದಿನಿಂದ ಜನರ ನಗು ಇದೆ. ಆದರೆ ಅವರಿಗೆ ಪ್ರಿಯವಾದವುಗಳಲ್ಲಿ ಇಲ್ಲ. ಮಂಕು ಆಫೀಸು, ಮಳೆ, ತಾನು ದೊಡ್ಡ ಮನುಷ್ಯನೆಂದು ತಿಳಿದ ಒಬ್ಬ ಸಣ್ಣ ಮನುಷ್ಯ. ಅವನು ಸೋಲುತ್ತಾನೆ, ಯಾರೂ ಅಪ್ಪಿಕೊಳ್ಳುವುದಿಲ್ಲ, ಮುಂದಿನ ವಾರ ಅದೇ ಕುರ್ಚಿಯಲ್ಲಿ ಕೂತಿರುತ್ತಾನೆ. ಮೊದಲ ತಿಂಗಳು ನನಗೆ ಅದು ದುಃಖದ ಕಥೆಯಂತೆ ಕಾಣುತ್ತಿತ್ತು. ಲೊರೇನ್ ಹೇಳಿದರು: ನಮ್ಮವರು ನಗಿಸಿ ನಿನ್ನನ್ನು ಮನೆಯೊಳಗೆ ಕರೆಯುತ್ತಾರೆ, ಇವರು ಮಳೆಯಲ್ಲೇ ನಿಲ್ಲಿಸಿ ಪಕ್ಕದಲ್ಲಿ ತಾವೂ ನಿಲ್ಲುತ್ತಾರೆ. ಲೊರೇನ್ ನನಗೆ ದಿನವೂ, ಚೆನ್ನಾಗಿ ಕಾಣುತ್ತಿದ್ದೀಯ ಎನ್ನುವರು. ಆರ್ಥರ್, ಪಾಪ ಅವಳಿಗೆ ಕಣ್ಣಿನ ಪೊರೆ ಎನ್ನುವರು.

ಒಂದು ದಿನ ಅದನ್ನು ಕೇಳಿ ತಟ್ಟನೆ ನಕ್ಕೆ. ಇದು ನಮ್ಮೂರ ಮಾತು. ನಮ್ಮಲ್ಲಿ ಯಾರಾದರೂ ಬೈಯುವುದು ಬಿಟ್ಟರೆ ಮಾತ್ರ ಮನಸ್ಸು ಮುರಿದಿದೆಯೆಂದು ಅರ್ಥ. ಇವರ ತಮಾಷೆ ನನಗೂ ಗೊತ್ತಾಯಿತಲ್ಲ ಎಂಬ ಧೈರ್ಯ ಬಂತು. ತಪ್ಪು ಅಲ್ಲಿಂದಲೇ ಶುರುವಾಯಿತು.

ಚಳಿಗಾಲದಲ್ಲಿ ಆರ್ಥರ್ ಬಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಊಟ ಬಿಟ್ಟರು. ತಮಾಷೆಯನ್ನೂ ಬಿಟ್ಟರು. ನನಗೆ ಭಯವಾದದ್ದು ಅದಕ್ಕೆ. ಮೂರನೆಯ ದಿನ ಸೂಪಿನ ಚಮಚ ಹಿಡಿದು ಕೂತಾಗ, ಜ್ವರ ಬಂದರೆ ಅಮ್ಮ ನಮಗೆ ಹೇಳುತ್ತಿದ್ದ ಮಾತು ಬಾಯಿಗೆ ಬಂತು: "ಸಾಯದಾದ್ರೆ ಉಂಡ್ಕಂಡ್ ಸಾಯಿ. ಒಟ್ಟೆ ಅಸ್ಕಂಡ್ ಓದ್ರೆ ಅಲ್ಲೂ ಯಾರೂ ಸೇರುಸ್ಕಳಲ್ಲ." ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆರ್ಥರ್ ನನ್ನ ಮುಖ ನೋಡಿದರು, ಬಾಯಿ ತೆರೆದರು. ಆಗ ಬಾಗಿಲಲ್ಲಿ ಅವರ ಮಗಳು ನಿಂತಿದ್ದಳು.

ಅವಳು ದೂರು ಕೊಟ್ಟಳು. ಅವಳದು ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸಾಯುತ್ತಾನೇನೋ ಎಂಬಂತಿದ್ದ ಅಪ್ಪನಿಗೆ ನರ್ಸ್ ಒಬ್ಬಳು ಸಾಯಿ ಎಂದದ್ದಷ್ಟೇ ಅವಳ ಕಿವಿಗೆ ಬಿದ್ದದ್ದು. ನನ್ನ ಪ್ರೊಬೇಷನ್ ಅವಧಿ ಮುಗಿದಿರಲಿಲ್ಲ, ವೀಸಾ ಆ ಕೆಲಸಕ್ಕೇ ಕಟ್ಟಿದ್ದು, ನನ್ನ ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಿ ಮೂರು ವಾರವಾಗಿತ್ತು. ಅವಳ ಹೊಸ ಶೂ ಬಾಗಿಲ ಬಳಿ ಕಂಡಾಗಲೆಲ್ಲ ವೀಸಾದ ಕಾಗದ ತೆಗೆದು ಮತ್ತೆ ಓದುತ್ತಿದ್ದೆ.

ವಿಚಾರಣೆಯ ದಿನ ಮ್ಯಾನೇಜರ್ ಎದುರು, ಹೌದು, ಹಾಗೇ ಹೇಳಿದೆ, ನಮ್ಮಲ್ಲಿ ಹಾಗೆ ಹೇಳುತ್ತೇವೆ, ಇಲ್ಲಿ ಹೇಳಬಾರದಿತ್ತು ಎಂದೆ. ಆರ್ಥರ್ ಮಗಳ ಕ್ಷಮೆ ಕೇಳಿದೆ. ಆಮೇಲೆ ಗಾಲಿಕುರ್ಚಿಯಲ್ಲಿ ಆರ್ಥರ್ ಬಂದರು. ಅವರೇ ಕರೆತರಲು ಹೇಳಿದ್ದರಂತೆ.

"ಈ ನರ್ಸ್ ಹೇಳಿದ್ದು ನಿಜ," ಎಂದರು. "ನಾನು ಪೂರ್ತಿ ಸೂಪು ಕುಡಿದೆ. ದೂರು ಬರೆಯುವುದಾದರೆ ಅಡುಗೆಯವನ ಮೇಲೆ ಬರೆಯಿರಿ."

ಯಾರೂ ನಗಲಿಲ್ಲ. ಇಲ್ಲಿ ಅದೇ ದೊಡ್ಡ ಮೆಚ್ಚುಗೆ ಎಂದು ನನಗೆ ಗೊತ್ತಿತ್ತು. ಆರ್ಥರ್ ಮಗಳು ತಲೆ ತಗ್ಗಿಸಿದಳು, ಭುಜ ಅಲುಗಿತು. ಅಳುವೋ ನಗುವೋ ಹೇಳಲಾರೆ. ಎಚ್ಚರಿಕೆಯ ಪತ್ರವೊಂದು ಬಂತು, ಕೆಲಸ ಉಳಿಯಿತು. ಹೊರಗೆ ಕಾಯುತ್ತಿದ್ದ ಲೊರೇನ್ ನನ್ನನ್ನು ಅಪ್ಪಿಕೊಂಡು, ನಾವೆಲ್ಲ ನಿನ್ನನ್ನು ಪ್ರೀತಿಸುತ್ತೇವೆ ಎಂದು ಜೋರಾಗಿಯೇ ಹೇಳಿದರು. ಆ ತಮಾಷೆ, ಈ ಅಪ್ಪುಗೆ, ಎರಡೂ ಬೇಕಾಗಿದ್ದವು. ಇಬ್ಬರ ಋಣವೂ ನನ್ನ ಮೇಲಿದೆ. ಆದರೂ ಅಂದಿನಿಂದ, ತಮಾಷೆಯ ಮಾತು ಬಾಯಿಗೆ ಬಂದರೆ ಮೊದಲು ಬಾಗಿಲ ಕಡೆ ನೋಡುತ್ತೇನೆ.

ಈ ಬೇಸಿಗೆಯಲ್ಲಿ ರಜೆಗೆ ಬಂದು ಬ್ಲಫ್‌ನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಮುದ್ದೆ ಬಡಿಸಿದಾಗ ಥ್ಯಾಂಕ್ಸ್ ಎಂದೆ. "ಯಾರ್ಗಮ್ಮ ಏಳ್ತಿದೀಯ? ನಾನೇನ್ ಓಟ್ಲು ಮಡಗಿದೀನಾ?" ಎಂದಳು. ಹೊರಡುವ ಮುನ್ನ ಆರ್ಥರ್ ಕೊಟ್ಟ ಕಾರ್ಡನ್ನು ಅವಳಿಗೆ ಓದಿ ಕನ್ನಡದಲ್ಲಿ ಹೇಳಿದೆ. "ಅವಸರವಾಗಿ ಬರಬೇಡ. ಇಲ್ಲಿ ಈಗ ನೆಮ್ಮದಿಯಾಗಿದೆ" ಅಂತ ಅದರಲ್ಲಿ ಬರೆದಿತ್ತು.

ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. "ಅಯ್ಯೋ ಪಾಪ. ದಿನಾ ಎಣುಸ್ತಾ ಕುಂತವ್ನೆ ಕಣಮ್ಮ ಆ ಮುದ್ಕ," ಎಂದಳು. "ಇನ್ನೂ ಸತ್ತಿಲ್ವಾ ಅಂತ ಕೇಳಿ ಕಳ್ಸು, ಕುಸಿಯಾಯ್ತನೆ."

ಲೊರೇನ್ ಅವರ ಮೊಬೈಲಿಗೆ ಹಾಗೇ ಬರೆದೆ, ಆರ್ಥರ್‌ಗೆ ಓದಿ ಹೇಳಿ ಎಂದು ಸೇರಿಸಿದೆ. ಕಳಿಸುವ ಮುನ್ನ ಕೈ ತಡೆಯಿತು. ಅಮ್ಮನ ಮನೆಯಲ್ಲಿ, ಅಮ್ಮನ ಮಾತನ್ನು ಕಳಿಸಲು, ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದೆ.