ಕಾಟಾದ ತನಕ ಎಳೆದ ಕೇಬಲ್

ಎಂಬತ್ತರ ದಶಕದ ಕೊನೆಗೆ ನಾನು ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕಿದ್ದೆ. ಶಹಾಬಾದಿನಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಟ.

ನಮ್ಮ ಕೋಣೆ, ಉಗ್ರಾಣ ಮತ್ತು ಲಾರಿ ತೂಗುವ ಕಾಟಾ, ಈ ಮೂರೂ ಕಡೆಯ ಕಂಪ್ಯೂಟರುಗಳಿಗೆ ಒಂದೇ ಕೇಬಲ್ ಹಾಕಿದ್ದರು. ಕಾಟಾ ಇದ್ದದ್ದು ಕಾರ್ಖಾನೆಯ ಇನ್ನೊಂದು ತುದಿಗೆ. ಅಲ್ಲಿ ತೂಗಿದ ಲೆಕ್ಕ ನಮಗೆ ಮುಟ್ಟಿದ ಮೇಲೆಯೇ ಲಾರಿ ಬಿಡಬೇಕು. ನಿಧಾನವಾಗಿಯಾದರೂ ಕೆಲಸ ಸಾಗುತ್ತಿತ್ತು. ಅಷ್ಟರಲ್ಲಿ ಮ್ಯಾನೇಜರು ಬೊಂಬಾಯಿಗೆ ಹೋಗಿ, ಇದಕ್ಕಿಂತ ಹಲವು ಪಟ್ಟು ವೇಗದ ಜೋಡಣೆಯನ್ನು ನೋಡಿ ಬಂದರು.

ಹೊಸ ಸಾಮಾನು ಬಂತು, ತೆಂಗಿನಕಾಯಿ ಒಡೆದರು, ಪೇಡೆ ಹಂಚಿದರು. ಪೇಡೆ ಮುಗಿಯುವ ಮೊದಲೇ ಇಂಟರ್‌ಕಾಮ್ ಹೊಡೆದುಕೊಂಡಿತು. ಕಾಟಾ ನೋಡಿಕೊಳ್ಳುತ್ತಿದ್ದ ರಾವೂರಿನ ಹಿರಿಯರು.

"ಅಕ್ಕೋರೆ, ತೂಕ ಮುಟ್ಯದೇನ್ರಿ?"

"ಇಲ್ರಿ ಕಾಕಾ."

"ಕಳ್ಸಿ ಕಳ್ಸಿ ಸಾಕಾತು. ಡ್ರೈವರ್‌ಗೋಳು ನನ್ ಮ್ಯಾಲೇ ಬರ್ಲಿಕತ್ತಾರ."

ಕಾಟಾದ ಮುಂದಿನ ಲಾರಿಗಳ ಸಾಲು ರಸ್ತೆಗೆ ಹೋಗಿ ಮುಟ್ಟಿತ್ತು.

ಹೈದರಾಬಾದಿನಿಂದ ಇಂಜಿನಿಯರ್ ಬಂದರು. ಮೂಲತಃ ಸೇಡಂ ಕಡೆಯವರು. ಕೇಬಲ್ ಗುಂಟ ಕಾಟಾದವರೆಗೂ ನಡೆದುಹೋಗಿ ಬಂದು, ಬೆವರು ಒರೆಸಿಕೊಂಡು ಹೇಳಿದರು: "ಎಲ್ಲಾರಿಗೂ ಒಂದೇ ವೈರ್ ಅದರಿ. ಇಬ್ಬರು ಒಮ್ಮೆಗೇ ಮಾತಾಡಿದ್ರ ಮಾತು ಡಿಕ್ಕಿ ಹೊಡೀತಾವ. ಮೊದಲ ಮಷೀನ್‌ಗಳು ಸಾವಕಾಶ ಮಾತಾಡ್ತಿದ್ದವು. ಮಾತು ಮುಗಿಯೋದ್ರೊಳಗ ಡಿಕ್ಕಿ ಆಗ್ಯದಂತ ತಿಳೀತಿತ್ತು, ತಿರುಗಿ ಕಳಸ್ತಿದ್ದವು. ಈಗ ಭಾಳ ಜಲ್ದಿ ಮಾತಾಡ್ತಾವ. ಇಷ್ಟ್ ಉದ್ದ ಕೇಬಲ್‌ನ್ಯಾಗ ಡಿಕ್ಕಿ ಸುದ್ದಿ ಬರೋದ್ರೊಳಗ ಮಾತು ಮುಗಿಸಿ, ಮುಟ್ತು ಅಂತ ತಿಳ್ಕೊಂಡು ಕುಂದರ್ತಾವ."

"ಮತ್ತ ಏನ್ ಮಾಡೂದು?" ಎಂದರು ಮ್ಯಾನೇಜರು.

"ವೇಗ ಕಮ್ಮಿ ಮಾಡ್ರಿ. ಇಲ್ಲಾ, ಕಾಟಾ ಹತ್ರ ತರ್ರಿ."

ಕಾಟಾ ಎಂದರೆ ನೆಲದಲ್ಲಿ ಹೂತ ಕಬ್ಬಿಣ ಮತ್ತು ಕಾಂಕ್ರೀಟು. ವೇಗವನ್ನಾದರೂ ಕಮ್ಮಿ ಮಾಡೋಣವೆಂದರೆ, ಅದರ ಸುದ್ದಿ ಆಗಲೇ ಮುಖ್ಯ ಕಚೇರಿ ತಲುಪಿತ್ತು. ಮ್ಯಾನೇಜರು ಯೋಚಿಸಿ ತೀರ್ಪು ಕೊಟ್ಟರು: "ಒಬ್ಬರು ಕಳ್ಸುವಾಗ ಇನ್ನೊಬ್ಬರು ಸುಮ್ನಿರ್ರಿ. ಫೋನ್ ಮಾಡಿ ಕೇಳ್ಕೊಳ್ರಿ."

ಹಾಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ನಾವು ಮೊದಲು ಫೋನು ಮಾಡತೊಡಗಿದೆವು. "ಅಕ್ಕೋರೆ, ನಾ ಕಳಸ್ಲಿಕತ್ತೀನ್ರಿ, ಜರಾ ತಡೀರಿ." ನಾನು ಕೀಲಿಮಣೆಯಿಂದ ಕೈ ತೆಗೆದು, ಉಗ್ರಾಣಕ್ಕೂ ಫೋನು ಮಾಡಿ ಸುಮ್ಮನಿರಿಸುತ್ತಿದ್ದೆ. ಕಾಯುವ ಹೊತ್ತಿನಲ್ಲಿ ಕಾಕಾ ಅವರ ಸೊಸೆ ಬಸುರಿಯಾದದ್ದು, ನನ್ನ ತಮ್ಮನ ಪರೀಕ್ಷೆ, ತೊಗರಿಯ ಬೆಳೆ, ಎಲ್ಲ ಮಾತೂ ಆಗುತ್ತಿತ್ತು. ಮುಖ್ಯ ಕಚೇರಿಯವರು ನೋಡಲು ಬಂದ ದಿನ ಉಗ್ರಾಣದವರನ್ನು ಚಹಾಕ್ಕೆ ಕಳಿಸಿ, ಕಾಟಾದಿಂದ ಒಂದೇ ಒಂದು ತೂಕ ತರಿಸಿ ತೋರಿಸಿದೆವು. ತಕ್ಷಣ ಬಂತು. ಸಾಹೇಬರೆಲ್ಲ ಚಪ್ಪಾಳೆ ತಟ್ಟಿದರು.

ಮಳೆಗಾಲ ಕಳೆದ ಮೇಲೆ ಅದೇ ಇಂಜಿನಿಯರ್ ಬಂದು, ಕೇಬಲನ್ನು ನಡುವೆ ಕಡಿದು ಒಂದು ಪೆಟ್ಟಿಗೆ ಕೂಡಿಸಿದರು. ಉದ್ದ ಕೇಬಲ್ ಎರಡು ಗಿಡ್ಡ ಕೇಬಲ್ ಆಯಿತು; ಈ ಬದಿಯ ಗದ್ದಲ ಆ ಬದಿಗೆ ಹೋಗದೆ, ಮುಟ್ಟಬೇಕಾದ ಲೆಕ್ಕವನ್ನಷ್ಟೇ ಪೆಟ್ಟಿಗೆ ದಾಟಿಸುತ್ತಿತ್ತು. ತೂಕಗಳು ತಾವಾಗಿ ಬರತೊಡಗಿದವು, ಫೋನು ಸುಮ್ಮನಾಯಿತು.

ಕೆಲವು ದಿನ ಕಳೆದು, ತಲೆಗೆ ಟವೆಲ್ ಸುತ್ತಿದ ಒಬ್ಬರು ಬಾಗಿಲಲ್ಲಿ ಬಂದು ನಿಂತರು. "ಅಕ್ಕೋರೆ" ಎಂದ ದನಿ ಕೇಳಿ ಕಾಟಾದ ಕಾಕಾ ಎಂದು ಗುರುತು ಹತ್ತಿತು. ಅಷ್ಟು ತಿಂಗಳು ಮಾತಾಡಿದರೂ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ನೀವ್ ಇಷ್ಟ್ ಸಣ್ಣೋರಂತ ಗೊತ್ತಿದ್ದಿಲ್ರಿ," ಎಂದು ನಕ್ಕರು. "ಮೊಮ್ಮಗಳು ಹುಟ್ಯಾಳ. ಹೇಳ್ಬೇಕಂದ್ರ ಫೋನ್ ಮಾಡ್ಲಿಕ್ಕ ನೆವಾನೇ ಇಲ್ಲ."

ಕುರ್ಚಿ ಎಳೆದು ಕೊಟ್ಟೆ. ನಮ್ಮ ಕೋಣೆಯ ತಂಪಿನಲ್ಲಿ ಕುಳಿತು ಅವರು ಎರಡು ಕಪ್ ಚಹಾ ಕುಡಿದರು.