ಬೆಳಗಿನ ಬಸ್ಸು ಬಿಟ್ಟ ಚಳಿಗಾಲ

ನಾನು ಮೊದಲಿನಿಂದಲೂ ಆತುರಗೇಡಿ. ಅಕ್ಕಿಹೆಬ್ಬಾಳಿನಿಂದ ಕೆ.ಆರ್. ಪೇಟೆಗೆ ಹೋಗುವ ಬೆಳಗಿನ ಬಸ್ಸು ಹಾರನ್ ಹೊಡೆಯುವಾಗ ನಾನಿನ್ನೂ ತಲೆ ಬಾಚುತ್ತಿರುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಡಬ್ಬಿಯನ್ನು ಬ್ಯಾಗಿಗೆ ತುರುಕಿ ಓಡುತ್ತಿದ್ದೆ. ನನ್ನನ್ನು ಕಂಡರೆ ಕಂಡಕ್ಟರು ನಗುತ್ತಲೇ ಸೀಟಿ ಊದಿ ಬಸ್ಸು ನಿಲ್ಲಿಸುತ್ತಿದ್ದ. ಪೇಟೆಯ ಶಾಲೆಯಲ್ಲಿ ದಿನವಿಡೀ ಗಣಿತ ಪಾಠ, ಸಂಜೆ ಬಂದರೆ ಹಸುವಿಗೆ ಹುಲ್ಲು, ಒಲೆ, ಆಮೇಲೆ ಮಕ್ಕಳ ಉತ್ತರಪತ್ರಿಕೆ. ತೊಂಬತ್ತರ ದಶಕದ ಮೊದಲ ವರ್ಷಗಳು ಹೀಗೇ ಓಡಿದವು.

ಆ ಓಟದ ನಡುವೆ ಎರಡು ಸಲ ಬಸುರಾದೆ. ಎರಡು ಸಲವೂ ಐದು ತಿಂಗಳು ತುಂಬುವಷ್ಟರಲ್ಲಿ ಹೋಯಿತು. ಬಸ್ಸಿನ ಹಿಂದೆ ಓಡುವವಳಿಗೆ ಮಗು ಎಲ್ಲಿ ನಿಂತೀತು ಎಂದು ಊರಿನ ಹೆಂಗಸರು ನನ್ನ ಕಿವಿಗೆ ಬೀಳುವ ಹಾಗೇ ಆಡಿಕೊಂಡರು. ಸಿಟ್ಟು ಬಂತು. ಆದರೆ ಒಳಗೊಳಗೇ ನಾನೂ ಅದನ್ನು ನಂಬಿದ್ದೆ.

ಮೂರನೆಯ ಸಲ, ದಸರೆಯ ಹೊತ್ತಿಗೆ, ಅತ್ತೆ ಯಾರನ್ನೂ ಕೇಳಲಿಲ್ಲ. ನನ್ನ ಗಂಡನನ್ನು ಶಾಲೆಗೆ ಕಳಿಸಿ ನನಗೆ ಸಂಬಳವಿಲ್ಲದ ರಜೆ ಹಾಕಿಸಿದರು. ಇನ್ನು ಕಾಫಿಯನ್ನೂ ಕೂತೇ ಕುಡಿಯಬೇಕು, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು ಎಂದರು. ಸ್ವತಃ ಅವರು ಒಂದು ಕಟ್ಟು ಸೊಪ್ಪು ಬಿಡಿಸಲು ಕೂತರೆ ನೋಡುವವರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅಂಥವರ ಕೈಗೆ ನಾನು ಸಿಕ್ಕಿಬಿದ್ದಿದ್ದೆ.

ಅವರೆಕಾಯಿಯ ಕಾಲ ಬಂದಾಗ ಹಿದುಕಿದ ಬೇಳೆಯ ಕೆಲಸ ಶುರುವಾಯಿತು. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಬೆರಳ ನಡುವೆ ಒತ್ತಿದರೆ ಸಿಪ್ಪೆ ಕಳಚಿ ಬೇಳೆ ಈಚೆ ಬರುತ್ತದೆ. ಅತ್ತೆ ಜಗಲಿಯ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ನಡುವೆ ಬೋಗುಣಿ ಇಡುತ್ತಿದ್ದರು. ನನಗೆ ಅಲ್ಲೂ ಪೈಪೋಟಿ. ಗಡಿಬಿಡಿಯಲ್ಲಿ ಹಿದುಕಲು ಹೋಗಿ ಅರ್ಧ ಬೇಳೆ ಜಜ್ಜಿಹಾಕುತ್ತಿದ್ದೆ. ಬಸ್ಸಿನ ಹಾರನ್ ಕೇಳಿದರೆ ಕಾಲು ತಾನಾಗಿ ಎದ್ದುಬಿಡುತ್ತಿತ್ತು. ಅತ್ತೆ ತಲೆಯೆತ್ತದೆ 'ಕುಂತ್ಕೊ' ಎನ್ನುತ್ತಿದ್ದರು. ಅಷ್ಟೇ ಅವರ ಮಾತು.

ಕೂತರೆ ನೆಮ್ಮದಿ ಬರುತ್ತದೆ ಎನ್ನುವವರು ಹೆದರಿಕೊಂಡು ಕೂತು ನೋಡಿಲ್ಲ. ಓಡುತ್ತಿದ್ದಾಗ ಯೋಚನೆಗೆ ಪುರಸೊತ್ತಿರಲಿಲ್ಲ. ಈಗ ಪ್ರತಿ ಗಳಿಗೆಯೂ ಹೊಟ್ಟೆಯ ಮೇಲೇ ಗಮನ. ಸೊಂಟ ಸ್ವಲ್ಪ ಹಿಡಿದರೂ ಬಚ್ಚಲಿಗೆ ಹೋಗಿ ಸೀರೆ ನೋಡಿಕೊಂಡು ಬರುತ್ತಿದ್ದೆ. ಆದರೂ ದಿನ ಕಳೆದಂತೆ ಕೈ ಪಳಗಿತು. ಬೇಳೆ ಒಡೆಯದೆ ಬರತೊಡಗಿತು. ಒಂದು ಮಧ್ಯಾಹ್ನ ಒಳಗೆ ಮಗು ಮಿಸುಕಿದ್ದು ಗೊತ್ತಾಯಿತು. ಓಡುತ್ತಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ ಅನ್ನಿಸಿ ಕಣ್ಣು ತುಂಬಿತು. ಅತ್ತೆಗೆ ಹೇಳಿದೆ. ಅವರು ನನ್ನ ಮುಖ ನೋಡಿ ಮತ್ತೆ ಅವರೆಗೆ ಕೈ ಹಾಕಿದರು.

ಸಂಕ್ರಾಂತಿ ಕಳೆದ ವಾರದಲ್ಲಿ ಅದೂ ಹೋಯಿತು. ಪೇಟೆಯ ಆಸ್ಪತ್ರೆಯ ಡಾಕ್ಟರಮ್ಮ, ಓಡಾಟಕ್ಕೂ ಇದಕ್ಕೂ ಸಂಬಂಧವಿಲ್ಲ, ಗರ್ಭಕೋಶದ ಬಾಯಿ ಸಡಿಲವಾಗಿದೆ, ಮುಂದಿನ ಸಲ ಮೊದಲೇ ಬಂದರೆ ಹೊಲಿಗೆ ಹಾಕಿ ನೋಡಬಹುದು ಎಂದರು. ಮೊದಲಿನ ಎರಡೂ ನನ್ನ ತಪ್ಪಲ್ಲ ಎಂದು ತಿಳಿದು ಸಮಾಧಾನವಾಗಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಈ ಚಳಿಗಾಲ ಪೂರ್ತಿ ನಾನು ಕೂತದ್ದು ಯಾತಕ್ಕೆ?

ಮನೆಗೆ ಬಂದು ವಾರ ಕಳೆದಿರಲಿಲ್ಲ. ಗಂಡ ಬೇಡವೆಂದರೂ ಕೇಳದೆ ಬೆಳಿಗ್ಗೆ ಸೀರೆ ಉಟ್ಟು ಬ್ಯಾಗು ಹೆಗಲಿಗೇರಿಸಿದೆ. ಅತ್ತೆ ಜಗಲಿಯಲ್ಲಿ ಕೊಯ್ಲಿನ ಕೊನೆಯ ಅವರೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ನಿಮ್ಮ ನಿಧಾನದಿಂದ ಏನು ಬಂತು ಎಂದು ಕೇಳಿಯೇಬಿಟ್ಟೆ.

ಅವರು ಕೈಯಲ್ಲಿದ್ದ ಕಾಳನ್ನು ಹಿದುಕಿ ಮುಗಿಸಿದರು.

'ನಿನ್ ಗಂಡನ್ಗಿಂತ ಮುಂಚೆ ನಂಗೂ ಒಂದು ಓಯ್ತು ಕಣವ್ವ. ನಾಟಿಗ್ ಬಗ್ಗಿದ್ದೆ. ಗದ್ದೆ ಬದಿನ್ ಮ್ಯಾಲೇ ಎಲ್ಲಾ ಮುಗ್ದೋಯ್ತು. ಸೀರೆ ತೊಳ್ಕೊಂಡು ತಿರ‍್ಗಾ ನಾಟಿಗ್ ಇಳ್ದೆ. ಒಬ್ರೂ ಕುಂತ್ಕೊ ಅನ್ನಲಿಲ್ಲ.'

ಬಸ್ಸು ಹಾರನ್ ಹೊಡೆಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಹೊಡೆಯಿತು, ಕಂಡಕ್ಟರು ನನಗಾಗಿ ಕಾದಿರಬೇಕು. ಅತ್ತೆ ಈ ಸಲ 'ಕುಂತ್ಕೊ' ಎನ್ನಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು, ಹೆಗಲು ಅದುರುತ್ತಿತ್ತು. ಅವರು ಅತ್ತದ್ದನ್ನು ಆ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಬ್ಯಾಗು ಕೆಳಗಿಟ್ಟು ಅವರ ಪಕ್ಕ ಕೂತೆ. ಅವರ ಅಳು ಮುಗಿಯುವವರೆಗೂ ಏಳಲಿಲ್ಲ.